ಅರವತ್ತೋ, ಮೂವತ್ತೋ

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 7.20

ಫ್ಯಾಕ್ಟರಿ ಬಸ್ಸಿಗೆ ಇನ್ನೂ ಹತ್ತು ನಿಮಿಷ. ಕೈ ಎರಡು ಸಲ ತೊಳೆದರೂ ಗ್ರೀಸ್ ವಾಸನೆ ಹೋಗಿಲ್ಲ, ಈಗ ಚಹಾದ ಲೋಟಕ್ಕೂ ಅಂಟಿದೆ. ಇರಲಿ.

ಇವತ್ತೂ ಕತ್ತಲಿರುವಾಗಲೇ ಸೇತುವೆಗೆ ಹೋಗಿದ್ದೆವು. ಮಗಳು ಸೈಕಲ್ಲನ್ನು ಎರಡು ಸುತ್ತು ಓಡಿಸಿದಳು, ಹತ್ತು ಹತ್ತು ಕಿಲೋಮೀಟರ್. ಒಂದು ಮೂವತ್ತರ ಚಕ್ರದಲ್ಲಿ, ಒಂದು ಅರವತ್ತರದ್ದರಲ್ಲಿ. ನಡುವೆ ಚಕ್ರ ಬದಲಿಸಿದ್ದು ನಾನು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು. ಮತ್ತೆ ಅರವತ್ತೇ ಗೆದ್ದಿತು. ಒಂಬತ್ತು ಸೆಕೆಂಡ್.

"ನೋಡಿದ್ಯಾ?" ಅಂದಳು. ಉಸಿರು ಸಿಗುತ್ತಿರಲಿಲ್ಲ. ಅಷ್ಟು ಹೇಳುವುದಕ್ಕೆ ಮಾತ್ರ ಹೇಗೋ ಸಿಕ್ಕಿತು.

ನೋಡಿದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಮುಂದಿನ ಚಕ್ರ ಒಂದು ಗೇಣು ಅತ್ತ ಸರಿದದ್ದನ್ನೂ ನೋಡಿದೆ. ಬಸ್ ಬಂತು.

ಫೆಬ್ರವರಿ 12, ಗುರುವಾರ

ಊಟದ ಹೊತ್ತಿಗೆ ಮನೆಯವರ ವಿಚಾರಣೆ. "ಚಕ್ರ ಅಂದ್ರೆ ಚಕ್ರ ಅಲ್ವೇನೇ? ದುಂಡಗಿದ್ರೆ ಸಾಲ್ದಾ?" ಬಂದರಿನಲ್ಲಿ ಕ್ರೇನ್ ಓಡಿಸುವವರು. ಟನ್ನಿಗಿಂತ ಕಡಿಮೆ ತೂಗುವುದೆಲ್ಲ ಅವರ ಪಾಲಿಗೆ ಆಟದ ಸಾಮಾನು.

ತಟ್ಟೆ ಸರಿಸಿ ಹೇಳಿಕೊಟ್ಟೆ. ಟೈರಿಗೂ ಕಡ್ಡಿಗಳಿಗೂ ನಡುವೆ ರಿಮ್ ಇರುತ್ತದಲ್ಲ, ಅದರ ಎತ್ತರ ಮೂವತ್ತು ಮಿಲಿಮೀಟರ್ ಅಂದರೆ ಎರಡು ಬೆರಳಗಲ. ಅರವತ್ತು ಅಂದರೆ ಹತ್ತಿರ ಹತ್ತಿರ ನಾಲ್ಕು ಬೆರಳು. ಎತ್ತರ ಹೆಚ್ಚಿದಷ್ಟೂ ಎದುರುಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ವೇಗ ಸಿಗುತ್ತದೆ. ಆದರೆ ಗಾಳಿ ಪಕ್ಕದಿಂದ ಬಂದರೆ ಅದೇ ರಿಮ್ ದೋಣಿಯ ಹಾಯಿಯಾಗುತ್ತದೆ. ಹಿಂದಿನ ಚಕ್ರವಾದರೆ ಅಷ್ಟೇನಿಲ್ಲ, ಮೇಲೆ ಕೂತವರ ಭಾರ ಅದುಮಿ ಹಿಡಿಯುತ್ತದೆ. ಮುಂದಿನದು ಹಾಗಲ್ಲ, ಹ್ಯಾಂಡಲ್ಲನ್ನೇ ತಿರುಗಿಸಿಬಿಡುತ್ತದೆ.

"ಭಾರ ಅಂತೀಯ. ಇವಳಿಗೆ ಅದೆಲ್ಲಿದೆ?" ಎಂದರು. "ನಲವತ್ತಾರು ಕೇಜಿ. ನಮ್ಮ ಕ್ರೇನಿನ ಕೊಕ್ಕೆ ಇವಳಿಗಿಂತ ಹತ್ತು ಪಟ್ಟು ತೂಕ."

"ಅಪ್ಪಾ!" ಎಂದು ಗುಬ್ಬಿ ಕಿರುಚಿದಳು. ಗುಬ್ಬಿ ಎಂದು ಹೆಸರಿಟ್ಟವರೂ ಅವರೇ.

ನಡುವಿನದು ಒಂದಿದೆ, ನಲವತ್ತೈದು. ನ್ಯಾಯವಾಗಿ ನನ್ನ ಮಗಳಿಗೆ ಅದೇ ಸರಿ. ಕ್ಲಬ್ಬಿನಲ್ಲಿ ಇರುವುದು ಒಂದೇ ಜೊತೆ, ಅದು ಏಣಿಯ ಪಾಲಾಗಿದೆ; ನಮಗೆ ಎರವಲು ಸಿಕ್ಕಿದ್ದು ಅರವತ್ತು. ಏಣಿ ಅಂತ ನಾನು ಇಟ್ಟ ಹೆಸರು. ಎತ್ತರದ ಹುಡುಗಿ, ಗಟ್ಟಿ ಹುಡುಗಿ, ಪಾಪ ನನಗೇನೂ ಮಾಡಿಲ್ಲ. ಗುಬ್ಬಿಗೂ ಅವಳಿಗೂ ಕಳೆದ ತಿಂಗಳು ಇದ್ದ ಅಂತರ ಎರಡು ಸೆಕೆಂಡ್. ಗುಬ್ಬಿ ಮುಂದೆ. ಮಾರ್ಚ್ ಒಂದಕ್ಕೆ ಆಯ್ಕೆ, ಅದೇ ಸೇತುವೆಯ ಮೇಲೆ, ಇಪ್ಪತ್ತು ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ. ತಂಡದಲ್ಲಿ ಖಾಲಿ ಇರುವುದು ಒಂದೇ ಜಾಗ. ಮುಂದಿನ ವರ್ಷ ಗುಬ್ಬಿಗೆ ಈ ವಿಭಾಗದ ವಯಸ್ಸು ಮೀರಿರುತ್ತದೆ.

ಅಂದರೆ ಇದೇ ಕೊನೆಯದು.

ಫೆಬ್ರವರಿ 17, ಮಂಗಳವಾರ

ಜಗಳ. ಬಾಲ್ಕನಿಯಲ್ಲಿ, ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ.

"ಮುಂದಕ್ಕೆ ಮೂವತ್ತು, ಹಿಂದಕ್ಕೆ ಅರವತ್ತು ಹಾಕೋಣ. ಎಷ್ಟೋ ಜನ ಹಾಗೆ ಮಾಡ್ತಾರೆ" ಎಂದೆ.

"ಹಾಕಿದ್ರೆ ಎಷ್ಟು ಸೆಕೆಂಡ್ ಹೋಗುತ್ತೆ ಹೇಳು."

"ಎಂಟೋ ಹತ್ತೋ."

"ಏಣಿಗೂ ನಂಗೂ ಎಷ್ಟಿದೆ?"

ಎರಡು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

"ಅಮ್ಮ, ಭಯ ನಿಂಗೆ. ಸೈಕಲ್‌ಗಲ್ಲ, ನಂಗಲ್ಲ."

ಹೌದು, ನನಗೇ. ಅವಳು ಹುಟ್ಟಿದ ದಿನದಿಂದ ಅದು ನನ್ನ ಹೊಟ್ಟೆಯಲ್ಲಿ ಬಾಡಿಗೆ ಕೊಡದೆ ಕೂತಿದೆ. ಆದರೆ ಪ್ರತಿದಿನ ಅರವತ್ತೇ ಗೆದ್ದಿದೆ, ಒಂದು ದಿನವೂ ತಪ್ಪಿಲ್ಲ. ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವಾಗ ಸೂಪರ್‌ವೈಸರ್ ಬಾಯಿ ಮುಚ್ಚಿಸುವುದು ನಾನೂ ಹೀಗೆಯೇ: "ಅಳತೆ ನೋಡಿ ಸಾರ್, ಆಮೇಲೆ ಮಾತಾಡಿ." ಈಗ ಅಳತೆ ನೋಡಿದೆ. ಬಾಯಿ ಮುಚ್ಚಿಕೊಂಡೆ.

ಫೆಬ್ರವರಿ 24, ಮಂಗಳವಾರ

ಶಿಫ್ಟ್ ಮುಗಿಸಿ ಸಂಜೆ ಬಂದರೆ ಮನೆಯವರು ಆಗಲೇ ಸೋಫಾದಲ್ಲಿ ಕಾಲು ಚಾಚಿದ್ದಾರೆ.

"ಏನ್ರೀ, ಇಷ್ಟು ಬೇಗ?"

"ಹತ್ತಕ್ಕೇ ಕ್ರೇನ್ ನಿಲ್ಸಿದ್ರು. ಗಾಳಿ. ಈ ತಿಂಗಳೆಲ್ಲ ಹೀಗೇ ಕಣೇ, ಬೆಳಗಿನ ಜಾವ ಸತ್ತ ಹಾಗಿರುತ್ತೆ, ಒಂಬತ್ತಾದ್ಮೇಲೆ ಎದ್ದು ಕೂರುತ್ತೆ."

ಚೀಲ ಕೆಳಗಿಡುವುದನ್ನೂ ಮರೆತು ನಿಂತೆ. ಬಂದರಿನಿಂದ ಸೇತುವೆ ಕಣ್ಣಿಗೆ ಕಾಣುವಷ್ಟು ದೂರ. ಅದೇ ನೀರು, ಅದೇ ಗಾಳಿ. ನಾವು ಸೇತುವೆಗೆ ಹೋಗಿದ್ದು ಯಾವಾಗ? ಪ್ರತಿ ಸಲ ಐದೂವರೆಗೆ. ಯಾಕೆ? ಏಳೂವರೆಗೆ ನನ್ನ ಬಸ್. ಹಾಳಾದ ನನ್ನ ಬಸ್ಸಿನ ಟೈಮಿಗೆ ಚಕ್ರ ಆರಿಸಿದ್ದೇವೆ! ಅಳತೆಯಂತೆ, ಅಳತೆ. ಗಾಳಿ ಮಲಗಿರುವಾಗ ಗಾಳಿಯ ಅಳತೆ ತೆಗೆದವರು ನಾವು.

ಗುಬ್ಬಿಗೆ ಹೇಳಿದೆ. ಹುಬ್ಬು ಕೂಡ ಏರಿಸಲಿಲ್ಲ.

"ಆಯ್ಕೆ ದಿನ ಸ್ಟಾರ್ಟ್ ಮಾಡೋದೂ ಏಳಕ್ಕೇ ಅಲ್ವಾ? ಪ್ರತಿ ವರ್ಷ ಹುಡುಗೀರೇ ಮೊದಲು. ಗಾಳಿ ಏಳೋ ಹೊತ್ತಿಗೆ ನಾವು ಮನೇಲಿ ತಿಂಡಿ ತಿಂತಿರ್ತೀವಿ."

ಅದೂ ನಿಜ. ಸ್ವಲ್ಪ ಸಮಾಧಾನವಾಯಿತು.

ಫೆಬ್ರವರಿ 27, ಶುಕ್ರವಾರ

ಸಮಾಧಾನ ಮೂರು ದಿನ ಇತ್ತು.

ಕೋಚ್ ಫೋನ್. ಈ ಸಲ ಗಂಡಸರು ಮೊದಲು. ಹುಡುಗಿಯರು ಆಮೇಲೆ, ಅದರಲ್ಲೂ ನಿಧಾನದವರು ಮೊದಲು, ಎಲ್ಲರಿಗಿಂತ ವೇಗದವಳು ಕೊನೆಗೆ. ಎಲ್ಲರಿಗಿಂತ ವೇಗದವಳು ನನ್ನ ಮಗಳು. ಹತ್ತು ನಲವತ್ತೆಂಟಕ್ಕೆ ಸ್ಟಾರ್ಟ್. ಅವಳಿಗಿಂತ ಎರಡು ನಿಮಿಷ ಮುಂಚೆ ಏಣಿ.

ಕಷ್ಟಪಟ್ಟು ಮೊದಲಿಗಳಾಗಿದ್ದಕ್ಕೆ ಸಿಕ್ಕ ಬಹುಮಾನ ಇದು.

"ಏನ್ಮಾಡೋಣ ಸಾರ್?" ಎಂದೆ.

"ಚಕ್ರದ ವಿಷಯ ಮನೇಲೇ ತೀರ್ಮಾನ ಮಾಡ್ಕೊಳ್ಳಿ. ನಾನು ಹೇಳಿ, ನಾಳೆ ಏನಾದ್ರೂ ಆದ್ರೆ..." ಎಂದು ನಿಲ್ಲಿಸಿದರು. ಆ 'ಏನಾದ್ರೂ' ಆಗಿನಿಂದ ಅಡುಗೆಮನೆಯಲ್ಲಿ ನನ್ನ ಹಿಂದೆಯೇ ಓಡಾಡುತ್ತಿದೆ.

ಫೆಬ್ರವರಿ 28, ಶನಿವಾರ. ಮಧ್ಯಾಹ್ನ

ರಜೆ ಹಾಕಿ ಹತ್ತು ಗಂಟೆಗೆ ಸೇತುವೆಗೆ ಕರೆದುಕೊಂಡು ಹೋದೆ. ಎರಡೂ ಚಕ್ರ ಕಾರಿನಲ್ಲಿ. ಇವತ್ತು ಕಣ್ಣಾರೆ ನೋಡಿಬಿಡಲಿ ಎಂದು.

ಒಂದು ಎಲೆ ಅಲ್ಲಾಡಲಿಲ್ಲ.

ನಿಜವಾಗಲೂ. ತಿಂಗಳೆಲ್ಲ ಎದ್ದು ಕುಣಿದ ಗಾಳಿಗೆ ಇವತ್ತೇ ರಜೆ. ನೀರು ಎಣ್ಣೆಯ ಹಾಗೆ ನಿಂತಿತ್ತು. ಗುಬ್ಬಿ ಅರವತ್ತರಲ್ಲಿ ಹೋಗಿ ಬಂದು, ಹೆಲ್ಮೆಟ್ ತೆಗೆದು, ನನ್ನನ್ನು ನೋಡಿ ನಕ್ಕಳು. ಸಿಟ್ಟು ಬಂತು, ನಗುವೂ ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು. "ಅಮ್ಮ, ಒಂದು ಮಾತು ಕೊಡ್ತೀಯಾ? ನಾಳೆ ನನ್ನ ಮಾತೇ ಕೊನೆ. ನೀನು ಹೇಳೋದು ಹೇಳು, ಕೇಳ್ತೀನಿ. ಆದ್ರೆ ಓಡಿಸೋಳು ನಾನು."

ಹದಿನೆಂಟು ತುಂಬಿದವಳು. ಲೈಸೆನ್ಸ್ ಇದೆ, ವೋಟ್ ಇದೆ. ಕೊಟ್ಟೆ. "ನಿನ್ನ ಮಾತೇ ಕೊನೆ" ಎಂದೆ. ಬಾಯಿ ತುಂಬಾ ಹೇಳಿದೆ.

ಮಾರ್ಚ್ 1, ಭಾನುವಾರ. 8.50

ಕಾರಿನಲ್ಲಿ ಕೂತಿದ್ದೇನೆ. ಗುಬ್ಬಿ ನಂಬರ್ ಪಡೆಯಲು ಹೋಗಿದ್ದಾಳೆ. ಮನೆಯವರಿಗೆ ಡ್ಯೂಟಿ, ಬಂದಿಲ್ಲ.

ಡಿಕ್ಕಿಯಲ್ಲಿ ಎರಡೂ ಮುಂಚಕ್ರ. "ಚಿಕ್ಕದ್ಯಾಕೆ ತಂದೆ?" ಎಂದು ಕೇಳಿದಳು. "ಪಂಕ್ಚರ್ ಆದ್ರೆ ಬೇಕಲ್ಲ" ಎಂದೆ. ಅನುಮಾನದಿಂದ ನೋಡಿದಳು. ನಾನು ಬಾಟಲಿ ಹುಡುಕುವವಳ ಹಾಗೆ ಸೀಟಿನ ಕೆಳಗೆ ಬಗ್ಗಿದೆ.

ಸದ್ಯಕ್ಕೆ ಗಾಳಿಯಿಲ್ಲ. ಟೆಂಟಿನ ಬಾವುಟ ಜೋತುಬಿದ್ದಿದೆ. ಹಾಗೇ ಇರಲಿ.

9.45

ಇಲ್ಲ. ಎದ್ದಿತು.

ಮೊದಲು ಬಾವುಟದ ತುದಿ. ಆಮೇಲೆ ಟೆಂಟಿನ ಬಟ್ಟೆ ಪಟಪಟ. ಈಗ ಖುರ್ಚಿಯ ಮೇಲಿದ್ದ ಪೇಪರ್ ಕಪ್‌ಗಳು ರಸ್ತೆಯುದ್ದಕ್ಕೂ ಉರುಳುತ್ತಿವೆ. ನೀರಿನ ಕಡೆಯಿಂದ, ಸರಿಯಾಗಿ ಪಕ್ಕಕ್ಕೆ.

ಗಂಡಸರ ಪೈಕಿ ಒಬ್ಬ ನಡೆದುಕೊಂಡು ವಾಪಸ್ ಬಂದ, ಸೈಕಲ್ ಹೆಗಲ ಮೇಲೆ. ಸೊಂಟದ ಹತ್ತಿರ ಬಟ್ಟೆ ಹರಿದು ತೊಡೆಯ ಚರ್ಮ ಕಿತ್ತು ಬಂದಿದೆ. ನೀರು ಕೊಟ್ಟೆ.

"ಸೇತುವೆ ಮಧ್ಯದ ದೊಡ್ಡ ಕಂಬ ಇದೆಯಲ್ಲಾ, ಅದರ ಮರೆಯಲ್ಲಿ ಏನೂ ಇರಲ್ಲ ಮೇಡಂ. ದಾಟಿದ್ದೇ ತಡ, ಯಾರೋ ಕೈಯಿಂದ ಹ್ಯಾಂಡಲ್ ಕಿತ್ಕೊಂಡ ಹಾಗಾಯ್ತು" ಎಂದ.

ಅವನ ಮುಂಚಕ್ರ ನೋಡಿದೆ. ಅರವತ್ತು. ಅವನ ತೂಕ ಎಷ್ಟಿರಬಹುದು? ಎಪ್ಪತ್ತೈದಕ್ಕೆ ಕಡಿಮೆಯಿಲ್ಲ.

10.20

ಗುಬ್ಬಿ ಟ್ರೈನರ್ ಮೇಲೆ ಕಾಲು ಬಿಸಿ ಮಾಡಿಕೊಳ್ಳುತ್ತಿದ್ದಾಳೆ. ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಅದು. ಮುಂದಿನ ಚಕ್ರ ಬಿಚ್ಚಿ, ಅದು ಕೂರುವ ಫೋರ್ಕನ್ನು ಕಚ್ಚಿಸಿ ನಿಲ್ಲಿಸಬೇಕು. ಕಿವಿಯಲ್ಲಿ ಹಾಡು, ಕಣ್ಣು ಮುಚ್ಚಿದೆ. ಈ ಹೊತ್ತಿನಲ್ಲಿ ಅವಳನ್ನು ಯಾರೂ ಮುಟ್ಟಬಾರದು, ಅದು ಮೊದಲಿನಿಂದ ಬಂದ ನಿಯಮ. ಕೊನೆಗೆ ಐದು ನಿಮಿಷ ಇರುವಾಗ ಮುಂದಿನ ಚಕ್ರ ಹಾಕಿ, ಆಕ್ಸಲ್ ಬಿಗಿದು, ಭುಜ ತಟ್ಟಿ ಕಳಿಸುವುದು ನಾನು. ಅದೂ ಮೊದಲಿನಿಂದ ಬಂದದ್ದೇ. ಅವಳು ಚಕ್ರದ ಕಡೆ ನೋಡುವುದೂ ಇಲ್ಲ.

ಎರಡೂ ಚಕ್ರ ನನ್ನ ಮಂಡಿಗೆ ಒರಗಿವೆ.

ಮಾತು ಕೊಟ್ಟಿದ್ದೇನೆ. ಬಿದ್ದವನ ಸುದ್ದಿ ಅವಳಿಗೆ ಗೊತ್ತಿಲ್ಲ. ಹೇಳಬೇಕು. ಹೋಗಿ ಕಿವಿಯಿಂದ ಇಯರ್‌ಫೋನ್ ಕಿತ್ತು ಹೇಳಬೇಕು. ಹೇಳಿದರೆ ಏನನ್ನುತ್ತಾಳೆ? ಅರವತ್ತೇ ಅನ್ನುತ್ತಾಳೆ. ಅಂದಮೇಲೆ ನಾನೇ ನನ್ನ ಕೈಯಾರೆ ಅದನ್ನು ಬಿಗಿದು ಕಳಿಸಬೇಕು. ಕೇಳದಿದ್ದರೆ... ಕೇಳದಿದ್ದರೆ ಅನ್ನುವ ಯೋಚನೆಯೇ ತಪ್ಪು. ಹೋಗುತ್ತೇನೆ. ಕೇಳುತ್ತೇನೆ.

10.55

ಕೇಳಲಿಲ್ಲ.

ಹತ್ತಿರ ಹೋದೆ. ಕಣ್ಣು ಮುಚ್ಚಿಯೇ ಇತ್ತು. ಹಣೆಯ ಮೇಲೆ ಬೆವರು, ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೆಯೇ ಕಾಣುತ್ತಿದ್ದಳು. ಕೈ ಎತ್ತಿದೆ, ತಟ್ಟಲಿಲ್ಲ. ಮೂವತ್ತನ್ನು ತಂದು ಹಾಕಿದೆ. ಬಿಗಿದೆ. ಭುಜ ತಟ್ಟಿದೆ.

ಸ್ಟಾರ್ಟಿನ ಗೆರೆಗೆ ಹೋಗುವ ತನಕ ಅವಳಿಗೆ ಗೊತ್ತಾಗಲಿಲ್ಲ. ಅಲ್ಲಿ ಅವಳ ಸೀಟು ಹಿಡಿದುಕೊಳ್ಳುವವನು ಏನೋ ಅಂದ, ಬಗ್ಗಿ ನೋಡಿದಳು. ಆಮೇಲೆ ತಲೆಯೆತ್ತಿ ಜನರ ನಡುವೆ ನನ್ನನ್ನು ಹುಡುಕಿದಳು. ಸಿಕ್ಕೆ. "ಅಮ್ಮ" ಎಂದಳು. ಶಬ್ದ ಕೇಳಿಸಲಿಲ್ಲ, ತುಟಿ ಕಂಡಿತು. ಅಷ್ಟರಲ್ಲಿ ಐದು, ನಾಲ್ಕು, ಮೂರು. ಹೋದಳು.



11.35

ಬಿದ್ದಿಲ್ಲ. ಬಂದಳು. ಪೂರ್ತಿಯಾಗಿ, ಎರಡು ಕೈ ಎರಡು ಕಾಲು ಸಮೇತ.

ಆರು ಸೆಕೆಂಡ್.

ಏಣಿ ಮುಂದೆ.

ಮಾರ್ಚ್ 2, ಸೋಮವಾರ

ಕೆಲಸಕ್ಕೆ ಹೋದೆ. ಮೂರು ಮೆಷಿನ್ ಬಿಚ್ಚಿದೆ. ಒಂದನ್ನು ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉಳಿದುಹೋಯಿತು, ನನ್ನ ಜನ್ಮದಲ್ಲಿ ಹಾಗಾಗಿರಲಿಲ್ಲ.

ಮಾರ್ಚ್ 6, ಶುಕ್ರವಾರ

ಮಾತಿಲ್ಲ. ಉಣ್ಣುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಬಾಗಿಲು ಬಡಿದಿದ್ದರೂ ಒಂದು ರೀತಿ ಚೆನ್ನಾಗಿರುತ್ತಿತ್ತು, ಮೆತ್ತಗೆ ಮುಚ್ಚುತ್ತಾಳೆ. ಉಪ್ಪು ಬೇಕಾದರೆ "ಅಪ್ಪ, ಉಪ್ಪು." ಉಪ್ಪು ಇರುವುದು ನನ್ನ ಮುಂದೆ. ಮನೆಯವರು ಅದನ್ನು ನನ್ನಿಂದ ಇಸಿದುಕೊಂಡು ಅವಳಿಗೆ ದಾಟಿಸುತ್ತಾರೆ, ಬಂದರಿನಲ್ಲಿ ಸರಕು ಇಳಿಸುವವರಂತೆ ಗಂಭೀರವಾಗಿ.

ಕೋಚ್‌ಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಮುಂದೆಯೂ ಅರವತ್ತೇ ಇದ್ದಿದ್ದರೆ ಗೆಲ್ಲುತ್ತಿದ್ದಳಾ?

"ಗೆಲ್ಲಬಹುದಿತ್ತು. ಆಸ್ಪತ್ರೇಲೂ ಇರಬಹುದಿತ್ತು. ಯಾರಿಗ್ಗೊತ್ತು ಮೇಡಂ?"

ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದೆ. ಬದುಕಿ ಬಂದಿದ್ದಾಳೆ ಅನ್ನುವ ಸಂತೋಷವನ್ನು ತೋರಿಸುವ ಹಾಗೂ ಇಲ್ಲ. ಆದರೆ ಇದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಇದೆ.

ಮಾರ್ಚ್ 11, ಬುಧವಾರ. ಸಂಜೆ

ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದೆ. ಬಂದು ನಿಂತಳು. ಗೋಡೆಗೆ ನೇತುಹಾಕಿದ ಚಕ್ರಗಳನ್ನು ನೋಡುತ್ತಾ ಮಾತು ಶುರು ಮಾಡಿದಳು.

"ಸೋತಿದ್ದಕ್ಕಲ್ಲ."

ಕೈಯಲ್ಲಿದ್ದ ಕ್ಲಿಪ್ ಹಾಗೇ ಹಿಡಿದುಕೊಂಡೆ.

"ಸ್ಟಾರ್ಟ್‌ನಲ್ಲಿ ಬಾವುಟ ನೋಡ್ದೆ ಅಮ್ಮ. ನಂಗೂ ಕಣ್ಣಿದೆ. ನೀನು ಕೇಳಿದ್ರೆ, ಚಿಕ್ಕದೇ ಹಾಕು ಅಂತಿದ್ನೇನೋ. ಅಥವಾ ಅಂತಿರ್ಲಿಲ್ವೇನೋ. ನಂಗೆ ಆ ಧೈರ್ಯ ಇದೆಯಾ, ಆ ಬುದ್ಧಿ ಇದೆಯಾ, ಒಂದೂ ಗೊತ್ತಾಗ್ಲಿಲ್ಲ. ಅದನ್ನೂ ನೀನೇ ತಗೊಂಡ್ಬಿಟ್ಟೆ."

"ಗುಬ್ಬಿ, ಒಬ್ಬ ಬಿದ್ದು ಬಂದಿದ್ದ..."

"ಹೇಳ್ಬೇಕಿತ್ತು."

"ತಪ್ಪಾಯ್ತು."

"ಹೂಂ" ಎಂದಳು. ಕ್ಷಮಿಸಿದ 'ಹೂಂ' ಅಲ್ಲ. ತಪ್ಪಾಗಿದ್ದು ನಿಜ ಅನ್ನುವ 'ಹೂಂ'. ಒಳಗೆ ಹೋಗುವಾಗ ಕೇಳಿದಳು, "ಅರವತ್ತನ್ನ ಕ್ಲಬ್ಬಿಗೆ ಯಾವಾಗ ಕೊಡ್ಬೇಕು?"

"ಸೋಮವಾರ" ಎಂದೆ. ಯಾಕೆ ಕೇಳಿದಳು ಎಂದು ಆಗ ಹೊಳೆಯಲಿಲ್ಲ.

ಮಾರ್ಚ್ 15, ಭಾನುವಾರ. 10.05

ಈಗ ಹೊಳೆಯಿತು.

ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದೆ. ಗೋಡೆಯ ಮೇಲೆ ಮೂವತ್ತು ಒಂದೇ ಇದೆ. ಸೈಕಲ್ ಇಲ್ಲ, ಹೆಲ್ಮೆಟ್ ಇಲ್ಲ. "ಅಂಗಡಿಗೆ ಹೋಗ್ಬರ್ತೀನಿ" ಎಂದು ಅಪ್ಪನಿಗೆ ಮೆಸೇಜ್ ಹಾಕಿದ್ದಾಳಂತೆ, ಒಂಬತ್ತೂವರೆಗೆ. ಇವರು ಡ್ಯೂಟಿಯಿಂದಲೇ ಫೋನ್ ಮಾಡಿದ್ದಾರೆ, "ಕ್ರೇನ್ ನಿಲ್ಸಿದ್ರು, ಊಟಕ್ಕೆ ಮನೆಗೇ ಬರ್ತೀನಿ." ಎಷ್ಟು ಖುಷಿಯಿಂದ ಹೇಳಿದರು! ಕ್ರೇನ್ ನಿಲ್ಲಿಸುವಷ್ಟು ಗಾಳಿ ಇದೆ ಅಂತ ಅದರ ಅರ್ಥ. ಹಗ್ಗದ ಮೇಲಿನ ಬೆಡ್‌ಶೀಟ್ ನನ್ನ ಮುಖಕ್ಕೆ ಹೊಡೆಯುತ್ತಿದೆ.

10.15

ಕಾರಿನ ಕೀ ಕೈಯಲ್ಲಿದೆ. ಸೇತುವೆಗೆ ಹದಿನೈದು ನಿಮಿಷದ ದಾರಿ.

ಹೋದರೆ? ಅವಳು ತಾನೇ ಆರಿಸಿ ಹತ್ತಿದ ಚಕ್ರದ ಹಿಂದೆ ಮತ್ತೆ ನಾನು, ಕೇಳದೆ. ಹೋಗದಿದ್ದರೆ... ಆ ವಾಕ್ಯ ಮುಗಿಸುವುದಿಲ್ಲ. ಫೋನ್ ಮಾಡಿದರೆ? ಓಡಿಸುತ್ತಿರುವವಳು ಒಂದು ಕೈ ಬಿಟ್ಟು ಎತ್ತಿದರೆ? ಮಾಡುವುದಿಲ್ಲ.

ಕೂತಿದ್ದೇನೆ. ಕೈಗೆ ಕೆಲಸ ಬೇಕು ಎಂದು ಬರೆಯುತ್ತಿದ್ದೇನೆ. ಈಗ ಟೋಲ್ ಗೇಟ್ ದಾಟಿರಬೇಕು. ಈಗ ಸೇತುವೆ ಹತ್ತಿರಬೇಕು. ಬದಿಯಲ್ಲಿ ಸೈಕಲ್ಲಿನ ಓಣಿ ಇದೆ, ಲಾರಿಗಳಿಗೂ ಅದಕ್ಕೂ ನಡುವೆ ಕಬ್ಬಿಣದ ಪಟ್ಟಿ ಇದೆ. ಪಟ್ಟಿ ಇದೆ, ಪಟ್ಟಿ ಇದೆ. ಕಂಬದ ಮರೆಯಲ್ಲಿ ಏನೂ ಇರುವುದಿಲ್ಲವಂತೆ. ಕಂಬ ದಾಟಿದ ಮೇಲೆ...

ದೇವರೇ, ನನ್ನ ಮಾತು ನಿಜವಾಗುವುದು ಬೇಡ. ಅವಳೇ ಗೆಲ್ಲಲಿ. ಬಂದು ನನ್ನ ಮುಖಕ್ಕೆ ಹೊಡೆದ ಹಾಗೆ ಟೈಮ್ ಹೇಳಲಿ.

10.32

ಫೋನ್ ಬಂತು. ಅವಳದೇ. ಮೊದಲು ಬರೀ ಗಾಳಿ. ಆಮೇಲೆ ದನಿ.

"ಅಮ್ಮ."

"ಹೇಳು ಮಗಳೇ."

"ಕಂಬದ ಹತ್ರ ನಿಂತಿದೀನಿ. ಬಿದ್ದಿಲ್ಲ. ಒಂದು ಸಲ ದಾಟೋಕೆ ನೋಡ್ದೆ, ಪಟ್ಟಿಗೆ ಒತ್ಕೊಂಡು ಹೋಯ್ತು. ವಾಪಸ್ ಬಂದು ಕಂಬದ ಹಿಂದೆ ನಿಂತಿದೀನಿ. ಆ ಕಡೆಗೂ ಆಗ್ತಿಲ್ಲ, ಈ ಕಡೆಗೂ ಆಗ್ತಿಲ್ಲ."

ಕೀ ಅಂಗೈಗೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದೆ. ಅರ್ಧ ಎದ್ದಿದ್ದೆ. ಆದರೂ ಕೇಳಿದೆ.

"ಬರ್ಲಾ?"

ಗಾಳಿ. ಗಾಳಿ.

"ಬಾ" ಎಂದಳು. "ಚಿಕ್ಕದನ್ನ ತಗೊಂಡ್ ಬಾ. ನಾನೇ ಹಾಕ್ಕೊಳ್ತೀನಿ. ಕಾರಲ್ಲಿ ಕೂರಲ್ಲ ಅಮ್ಮ, ಓಡಿಸ್ಕೊಂಡೇ ಬರ್ತೀನಿ. ನೀನು ಹಿಂದೆ ಬಾ. ತುಂಬಾ ಹತ್ರ ಬರ್ಬೇಡ."

"ಎಷ್ಟು ದೂರ ಇರ್ಲಿ?"

"ಕಾಣಿಸೋ ಅಷ್ಟು."

ಚಪ್ಪಲಿ ಹಾಕಿಕೊಳ್ಳುತ್ತಾ ಬರೆಯುತ್ತಿದ್ದೇನೆ, ಹುಚ್ಚು ನನಗೆ. ಚಕ್ರ ಕಂಕುಳಲ್ಲಿದೆ. ಟೈರ್ ಮೆತ್ತಗಿದೆ. ಪಂಪ್ ಎಲ್ಲಿ? ಎಷ್ಟು ಗಾಳಿ ತುಂಬಲಿ ಎಂದು ಅವಳನ್ನು ಕೇಳುವುದು ಮರೆತೆ. ಅಲ್ಲಿ ಹೋಗಿ ಕೇಳುತ್ತೇನೆ.